ನಮ್ಮೂರಿನವರ ಮೈಸೂರು

ಕಳೆದ ತಿಂಗಳು ದೂರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದಿದ್ದರು. "ಸಾರ್, ಮಕ್ಕಳನ್ನು ಕರೆದುಕೊಂಡು ಊರಿಗೆ ಬರುತ್ತಿದ್ದೇನೆ. ಮೈಸೂರಿಗೆಂದು ಇಟ್ಟುಕೊಂಡಿರುವುದು ಒಂದೇ ದಿನ. ಏನೇನು ತೋರಿಸಲಿ?" ಎಂಬುದು ಅವರ ಪ್ರಶ್ನೆ. ಅರಮನೆ, ಮೃಗಾಲಯ, ಬೆಟ್ಟ ಎಂದು ಒಂದು ಸಾಲಿನಲ್ಲಿ ಉತ್ತರಿಸಿಬಿಡಬಹುದಾಗಿತ್ತು. ಆದರೆ ಆ ಪಟ್ಟಿಯೊಡನೆ ನನಗೆ ಒಂದು ಹಳೆಯ ಲೆಕ್ಕವಿದೆ. ಅದನ್ನು ಚುಕ್ತಾ ಮಾಡದೆ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಈ ಬರಹವೇ ಆ ಉತ್ತರ ಎಂದು ಅವರು ಭಾವಿಸಲಿ.

ನಾನು ಹುಟ್ಟಿದ್ದು ತಿರುಮಕೂಡಲು ನರಸೀಪುರದಲ್ಲಿ, ಕೆಲಸ ಮಾಡಿದ್ದು ಬಹುಪಾಲು ನಂಜನಗೂಡು ತಾಲ್ಲೂಕಿನಲ್ಲಿ. ಎರಡೂ ಕಡೆಯವರಿಗೆ ಮೈಸೂರೇ ದೊಡ್ಡ ಪಟ್ಟಣ. ಆದರೆ ಎರಡೂ ಕಡೆಯವರು ಕಂಡ ಮೈಸೂರು ಒಂದೇ ಅಲ್ಲ. ಕಾವೇರಿ ಮತ್ತು ಕಪಿಲೆ ಕೂಡುವ ನರಸೀಪುರಕ್ಕೆ ರೈಲು ಬರಲೇ ಇಲ್ಲ. ನಾವು ಬಸ್ಸಿನಲ್ಲಿ ವರುಣದ ಮೇಲೆ ಹೋಗಿ ಬೆಟ್ಟದ ತಪ್ಪಲಿನಿಂದ ಪಟ್ಟಣವನ್ನು ಪ್ರವೇಶಿಸುತ್ತಿದ್ದೆವು. ೧೯೨೧ರಲ್ಲಿ ಅಡಿಗಲ್ಲು ಹಾಕಿ ವೈಸರಾಯರ ವಾಸ್ತವ್ಯಕ್ಕೆಂದು ಕಟ್ಟಿಸಿದ ಲಲಿತಮಹಲಿನ ಬಿಳಿಯ ಗುಮ್ಮಟವೇ ನಮಗೆ ಮೊದಲು ಕಾಣುತ್ತಿದ್ದುದು. ಮೈಸೂರೆಂದರೆ ದೂರದಿಂದ ನೋಡಿ ಕೈಮುಗಿಯುವ ಊರು ಎಂಬ ಭಾವನೆ ನನ್ನಲ್ಲಿ ಬೆಳೆದದ್ದು ಬಹುಶಃ ಆ ದಾರಿಯಿಂದಲೇ ಇರಬೇಕು.

ನಂಜನಗೂಡಿನವರ ದಾರಿ ಬೇರೆ. ಅದು ಕೆಲಸದ ದಾರಿ. ದಳವಾಯಿ ದೇವರಾಜಯ್ಯನ ಕಾಲದಲ್ಲಿ, ೧೭೩೫ರಲ್ಲಿ, ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆಯ ಮೇಲೆ ಮೊದಲು ಎತ್ತಿನ ಗಾಡಿಗಳು ಸಾಗಿದವು. ಶ್ರೀರಂಗಪಟ್ಟಣ ಬಿದ್ದು ೧೭೯೯ರಲ್ಲಿ ರಾಜಧಾನಿ ಮೈಸೂರಿಗೆ ಬರುವ ಹೊತ್ತಿಗೆ ಆ ಸೇತುವೆಗೆ ಅರವತ್ತು ವರ್ಷ ದಾಟಿತ್ತು. ೧೮೯೧ರ ಸುಮಾರಿಗೆ ಮೀಟರ್ ಗೇಜ್ ರೈಲು ಬಂದಾಗ ಅದೇ ಸೇತುವೆ ಹಳಿಗಳನ್ನೂ ಹೊತ್ತಿತು. ಒಂದು ಬದಿಯಲ್ಲಿ ರಸ್ತೆ, ಒಂದು ಬದಿಯಲ್ಲಿ ರೈಲು. ಬ್ರಾಡ್ ಗೇಜಿಗಾಗಿ ಹೊಸ ಸೇತುವೆ ಕಟ್ಟುವವರೆಗೂ ಅದು ಹೀಗೆಯೇ ದುಡಿಯಿತು. ಈ ದಾರಿಯಲ್ಲಿ ಹೋದವರು ಮೈಸೂರನ್ನು ನೋಡಲು ಹೋದವರಲ್ಲ; ಬಾಳೆ, ಎಲೆ, ಹೂವು, ತರಕಾರಿ ಮಾರಲು, ಕೋರ್ಟು ಕಚೇರಿಗೆ, ದೊಡ್ಡಾಸ್ಪತ್ರೆಗೆ ಹೋದವರು. ಬಂಡಿಪಾಳ್ಯ ಎಂಬ ಹೆಸರೇ ಆ ರಸ್ತೆಯಲ್ಲಿ ಓಡಾಡಿದ ಬಂಡಿಗಳನ್ನು ನೆನಪಿಗೆ ತರುತ್ತದೆ. ಕೃಷಿ ಮಾರುಕಟ್ಟೆಯ ಪ್ರಾಂಗಣ ಅಲ್ಲಿಯೇ ನೆಲೆಗೊಂಡಿರುವುದು ತಕ್ಕುದಾಗಿಯೇ ಇದೆ.

ಇದನ್ನೆಲ್ಲ ನಾನು ತರಗತಿಯಲ್ಲಿ ಪಾಠ ಮಾಡಿದವನು. ಆದರೆ ಪಾಠದ ಅರ್ಥ ನನಗೇ ಆಗಿರಲಿಲ್ಲವೆಂಬುದು ತಿಳಿದದ್ದು ೧೯೮೩ರಲ್ಲಿ.

ಆ ವರ್ಷ ಏಳನೆಯ ತರಗತಿಯ ನಲವತ್ತೆರಡು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ. ಈ ಬರಹವನ್ನು ಓದುತ್ತಿರುವವರಲ್ಲಿ ಕೆಲವರಾದರೂ ಅಂದು ಸಾಲಿನಲ್ಲಿ ನಿಂತಿದ್ದಿರಿ. ೧೮೯೨ರಲ್ಲಿ ಆರಂಭವಾದ ಮೃಗಾಲಯ ಮುಗಿಸಿದೆವು. ಮರದ ಹಳೆಯ ಅರಮನೆ ೧೮೯೭ರಲ್ಲಿ ಸುಟ್ಟುಹೋದದ್ದನ್ನೂ, ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ ೧೯೧೨ರಲ್ಲಿ ಪೂರ್ಣಗೊಂಡದ್ದನ್ನೂ ಹೇಳಿ ಬರೆಸಿದೆ. ಕೃಷ್ಣರಾಜ ವೃತ್ತದಲ್ಲಿ ತಲೆ ಎಣಿಸಿದಾಗ ನಲವತ್ತೊಂದು! ಮತ್ತೆ ಎಣಿಸಿದರೂ ಅಷ್ಟೇ. ನನ್ನ ಕೈಕಾಲು ತಣ್ಣಗಾಯಿತು. ಉಳಿದ ಮಕ್ಕಳನ್ನು ಸಹೋದ್ಯೋಗಿಯ ವಶಕ್ಕೆ ಒಪ್ಪಿಸಿ ಒಂದೂವರೆ ಗಂಟೆ ಹುಡುಕಿದೆ. ಕೊನೆಗೆ ಅವನು ಸಿಕ್ಕಿದ್ದು ದೇವರಾಜ ಮಾರುಕಟ್ಟೆಯೊಳಗೆ, ವೀಳ್ಯದೆಲೆ ಮಾರುವವರ ಸಾಲಿನಲ್ಲಿ. ಒಬ್ಬ ಮುದುಕಿಯ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು ನಿಶ್ಚಿಂತೆಯಿಂದ ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದ. ನನ್ನನ್ನು ಕಂಡು ನಕ್ಕ. ಹೆದರಿಕೆಯೂ ಸಿಟ್ಟೂ ಒಟ್ಟಿಗೆ ನುಗ್ಗಿ, ಹಿಂದುಮುಂದು ನೋಡದೆ ಅವನ ಕೆನ್ನೆಗೆ ಬಾರಿಸಿಬಿಟ್ಟೆ.

ಆ ಮುದುಕಿ ಅವನ ಅಜ್ಜಿ. ಎದ್ದು ನಿಂತು, ಏರಿದ ದನಿಯಲ್ಲೇನೂ ಅಲ್ಲ, ಹೀಗೆಂದರು: "ಮೇಷ್ಟ್ರೇ, ನಮ್ಮ್ ಹುಡ್ಗ ಇಲ್ಲಿ ಎಲ್ಲಿ ಕಳ್ದೋದಾನು? ಮೂರು ವರ್ಷದ್ ಕೂಸಾಗಿದ್ದಾಗಿಂದ ನನ್ನ್ ಜೊತೆ ಬತ್ತಾವ್ನೆ. ಈ ಮಾರ್ಕೆಟ್ಟು ಅವ್ನ್ಗೆ ಮನೆ ಹಿತ್ಲು ಇದ್ದಂಗೆ. ಅಜ್ಜಿಗೆ ಯೋಳ್ಬುಟ್ಟು ಬರ್ತೀನಿ ಅಂತ ಬಂದ, ಅಷ್ಟೆಯಾ." ನನ್ನ ಬಳಿ ಉತ್ತರವಿರಲಿಲ್ಲ. ಹುಡುಗನ ಕೈ ಹಿಡಿದು ಹೊರಗೆ ಬಂದೆ. ದಾರಿ ತಿಳಿಯದೆ ಎರಡು ಸಾಲು ತಪ್ಪಿ ಹೂವಿನವರ ನಡುವೆ ಸಿಕ್ಕಿಕೊಂಡೆ. ಅವನೇ ಮೆಲ್ಲಗೆ, "ಈ ಕಡೆ ಸಾರ್" ಎಂದು ಚಿಕ್ಕ ಗಡಿಯಾರದ ಹತ್ತಿರ ಕರೆತಂದ.

ಅನಂತರ ಎರಡು ದಿನ ಅವನು ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವರ ಮನೆಗೆ ಹೋದೆ. ತಪ್ಪಾಯಿತು ಎಂಬ ಮಾತು ಬಾಯಿಗೆ ಬರಲಿಲ್ಲ. ಆ ಕಾಲದ ಮೇಷ್ಟ್ರುಗಳಿಗೆ ಆ ಮಾತು ಅಭ್ಯಾಸವಿರಲಿಲ್ಲ. ಬದಲಿಗೆ, "ಭಾನುವಾರ ನಿನ್ನ ಮೈಸೂರನ್ನು ನನಗೆ ತೋರಿಸುತ್ತೀಯಾ?" ಎಂದು ಕೇಳಿದೆ. ಅವನು ಅಜ್ಜಿಯ ಮುಖ ನೋಡಿ ತಲೆಯಾಡಿಸಿದ.

ಆ ಭಾನುವಾರ ಬೆಳಗಿನ ರೈಲಿನಲ್ಲಿ ಅಜ್ಜಿ, ಮೊಮ್ಮಗ, ನಾನು ಮೂವರೂ ಹೊರಟೆವು. ತಾಂಡವಪುರ, ಕಡಕೊಳ ದಾಟಿದ ಮೇಲೆ ಅವನ ಪಾಠ ಆರಂಭವಾಯಿತು. ಅಶೋಕಪುರದಲ್ಲಿ ಇಳಿಯುವವರು ರೈಲ್ವೆ ಕಾರ್ಖಾನೆಯವರು. ಚಾಮರಾಜಪುರದಲ್ಲಿ ಇಳಿಯುವವರು ಕೋರ್ಟಿನವರು, ಕಾಲೇಜಿನವರು. "ಕಂಕುಳಲ್ಲಿ ಕಾಗದದ ಕಟ್ಟಿದ್ರೆ ಕೋರ್ಟು ಸಾರ್. ಇವತ್ತು ಭಾನುವಾರ, ಅವರಿಲ್ಲ." ಬುಟ್ಟಿ, ಮೂಟೆಯವರು ಮಾತ್ರ ಕೊನೆಯ ನಿಲ್ದಾಣದವರೆಗೆ. ಯಾವ ಡಬ್ಬಿಯಲ್ಲಿ ಕುಳಿತರೆ ಹೊರಬಾಗಿಲು ಹತ್ತಿರವೆಂಬುದೂ ಅವನಿಗೆ ಗೊತ್ತಿತ್ತು. ಮಾರುಕಟ್ಟೆಗೆ ಧನ್ವಂತರಿ ರಸ್ತೆಯ ಕಡೆಯಿಂದ ಕರೆದೊಯ್ದ. ಏಕೆಂದು ಕೇಳಿದರೆ, "ಬುಟ್ಟಿ ಹೊತ್ತೋರಿಗೆ ಈ ಕಡೆ ನೂಕುನುಗ್ಗಲು ಕಡಿಮೆ ಸಾರ್" ಎಂದ.

ಮಾರುಕಟ್ಟೆಯೊಳಗೆ ಅವನು ತೋರಿಸಿದ್ದು ಅಂಗಡಿಗಳನ್ನಲ್ಲ, ಊರುಗಳನ್ನು. ಈ ಗೊನೆ ದೇವರಸನಹಳ್ಳಿಯ ಕಡೆಯದು, ಅದು ರಸಬಾಳೆ; ಈ ಎಲೆ ನಂಜನಗೂಡು ರಸ್ತೆಯ ಪಕ್ಕದ ಎಲೆತೋಟದ್ದು; ಈ ಬದನೆ ಈರನಗೆರೆಯದು. ಈರನಗೆರೆ ಮೈಸೂರಿನೊಳಗಿನದೇ ಒಂದು ಬಡಾವಣೆ, ಅದರ ಹೆಸರಿನ ಬದನೆಗೆ ಇಷ್ಟು ಮಾನವಿದೆಯೆಂದು ನನಗೆ ತಿಳಿದದ್ದೇ ಅಂದು. ಮುಂದೆ ಎಷ್ಟೋ ವರ್ಷಗಳ ಮೇಲೆ ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ, ಆ ಹುಡುಗ ಬೆರಳು ಮಾಡಿ ತೋರಿಸಿದ ಸಾಲುಗಳೇ ನನ್ನ ಕಣ್ಣ ಮುಂದೆ ಬಂದವು.

ಅವನು ತೋರಿಸಿದ್ದಕ್ಕೆ ನಾನೂ ಏನಾದರೂ ಕೊಡಬೇಕಲ್ಲವೇ? ನನ್ನ ಬಳಿ ಇದ್ದುದು ಇತಿಹಾಸ ಮಾತ್ರ. ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು, ಕಾವೇರಿಯ ನೀರನ್ನು ಪಟ್ಟಣಕ್ಕೆ ತರಬೇಕೆಂದು ದಿವಾನ್ ಪೂರ್ಣಯ್ಯ ತೋಡಿಸಿದ ನಾಲೆ ಇದೇ ಸಾಲಿನಲ್ಲಿ ಹಾದುಹೋಗಿತ್ತೆಂದೂ, ಆ ಯತ್ನ ಕೈಗೂಡಲಿಲ್ಲವೆಂದೂ ಹೇಳಿದೆ. ಅವನು ಬಗ್ಗಿ ನೆಲ ನೋಡಿದ. ಅವನಿಗೆ ಬಾಯಿಪಾಠವಾಗಿದ್ದ ಮೊಹಲ್ಲಾಗಳ ಹೆಸರನ್ನು ಬಿಡಿಸಿ ಹೇಳಿದೆ. ಲಷ್ಕರ್ ಎಂದರೆ ದಂಡು. ಮಂಡಿ ಎಂದರೆ ಸಗಟು ವ್ಯಾಪಾರದ ತಾಣ. ಸಂತೇಪೇಟೆ ಸಂತೆ ಸೇರುತ್ತಿದ್ದ ಪೇಟೆ. ಒಂಟಿಕೊಪ್ಪಲು ಒಂದು ಕಾಲಕ್ಕೆ ಒಂಟಿಯಾಗಿದ್ದ ಕೊಪ್ಪಲು. ಹೆಸರುಗಳನ್ನು ಮನಸ್ಸಿಟ್ಟು ಕೇಳಿದರೆ ಪಟ್ಟಣ ತಾನು ಬೆಳೆದ ಬಗೆಯನ್ನು ತಾನೇ ಹೇಳುತ್ತದೆ.

ಮಧ್ಯಾಹ್ನ ಲಕ್ಷ್ಮೀಪುರದ ಕಡೆ ನಡೆದೆವು. ಮನೆಗಳ ಹಿಂದೆ ಕಿರಿದಾದ ಓಣಿಗಳು. ಬಿಸಿಲಿನಲ್ಲಿ ಅಜ್ಜಿಯೊಡನೆ ಎಲೆ ಮಾರುತ್ತ ಹೋಗುವಾಗ ನೆರಳಿಗೆಂದು ಅವನು ಹಿಡಿಯುತ್ತಿದ್ದ ಒಳದಾರಿ ಅದು. ಅವನಿಗೆ ಅದು ಬರಿಯ ನೆರಳು. ೧೮೯೮ರಿಂದ ಪ್ಲೇಗು ಮಾರಿ ಪಟ್ಟಣವನ್ನು ಕಾಡಿದ ಮೇಲೆ, ೧೯೦೩ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ವಿಶ್ವಸ್ತ ಮಂಡಳಿಯನ್ನು ಸ್ಥಾಪಿಸಲಾಯಿತು. ಭಾರತದಲ್ಲಿ ಅಂತಹವುಗಳ ಪೈಕಿ ಮೊದಲಿನ ಸಾಲಿನದು ಅದು. ಗಾಳಿ ಬೆಳಕು ಆಡುವಂತೆ ಹೊಸ ಬಡಾವಣೆಗಳು, ಹಿಂಬದಿಯಲ್ಲಿ ಕೊಳೆ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿಗಳು ಬಂದದ್ದು ಆ ಹಾವಳಿಯ ಹಿನ್ನೆಲೆಯಲ್ಲಿ. ಸಾವಿನ ಭಯದಿಂದ ಹುಟ್ಟಿದ ಓಣಿ ಎಂಬತ್ತು ವರ್ಷಗಳ ಮೇಲೆ ನಂಜನಗೂಡಿನ ಹುಡುಗನೊಬ್ಬನಿಗೆ ನೆರಳಾಗಿತ್ತು. ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ.

ಸಂಜೆ ದೊಡ್ಡ ಗಡಿಯಾರದ ಕೆಳಗೆ ಕುಳಿತೆವು. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ೧೯೨೭ರಲ್ಲಿ ಎದ್ದ ೭೫ ಅಡಿಯ ಗೋಪುರ. ಅದರ ಅಂಕಿಗಳು ಕನ್ನಡದವು. ಅಜ್ಜಿಗೆ ಓದು ಬಾರದು, ಆದರೆ ಮುಳ್ಳು ಎಲ್ಲಿಗೆ ಬಂದರೆ ರೈಲಿಗೆ ಹೊರಡಬೇಕೆಂಬುದು ಅವರಿಗೆ ಗೊತ್ತಿತ್ತು. ಎದುರಿನ ರಂಗಾಚಾರ್ಲು ಪುರಭವನವನ್ನು ತೋರಿಸಿ, ೧೮೮೧ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ೧೪೪ ಮಂದಿ ಬಂದಿದ್ದರೆಂದೂ, ತಾಲ್ಲೂಕಿಗೆ ಒಬ್ಬರೋ ಇಬ್ಬರೋ ಬೇಸಾಯಗಾರ ಭೂಮಾಲೀಕರು, ಜೊತೆಗೆ ಜಿಲ್ಲೆಯ ವರ್ತಕರು ಎಂಬ ಲೆಕ್ಕದಲ್ಲಿ ಅವರನ್ನು ಕರೆಸಲಾಗಿತ್ತೆಂದೂ ಹೇಳಿದೆ. ಅಜ್ಜಿ ಕೇಳಿದರು, "ಎಲೆ ಮಾರೋರ್ನೂ ಕರೆದಿದ್ರಾ ಮೇಷ್ಟ್ರೇ?" ನಾನು ಇಲ್ಲವೆಂದೆ. "ಅಂಗಾರೆ ಸರಿ ಬಿಡಿ" ಎಂದು ಎಲೆಯಡಿಕೆ ಹಾಕಿಕೊಂಡರು. ಇಷ್ಟು ವರ್ಷ ಇತಿಹಾಸ ಕಲಿಸಿದ ನನಗೆ ಅಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಮರುವರ್ಷದಿಂದ ನಮ್ಮ ಪ್ರವಾಸದ ಕ್ರಮ ಬದಲಾಯಿತು. ಅರಮನೆಯನ್ನು ಬಿಡಲಿಲ್ಲ, ಬಿಡುವುದು ತಪ್ಪು. ಆದರೆ ಅರ್ಧ ದಿನ ಮಾತ್ರ ಅದಕ್ಕೆ. ಉಳಿದರ್ಧ ದಿನ ಮಕ್ಕಳು ತಮ್ಮ ಮನೆಯವರು ಮೈಸೂರಿನಲ್ಲಿ ಎಲ್ಲಿಗೆ, ಏತಕ್ಕೆ ಹೋಗುತ್ತಾರೋ ಆ ದಾರಿಯಲ್ಲಿ ನಡೆಯಬೇಕು; ಯಾರ ದಾರಿಯೋ ಅವರೇ ಅಂದಿಗೆ ಮೇಷ್ಟ್ರು. ಒಬ್ಬಳು ದೊಡ್ಡಾಸ್ಪತ್ರೆಯ ಮುಂದೆ ನಿಂತು ತನ್ನ ತಮ್ಮ ಹುಟ್ಟಿದ ಕಥೆ ಹೇಳಿದ್ದಳು. ನಿಮಗೆ ನೆನಪಿರಬಹುದು.

ಈಗ ಆ ಮೈಸೂರಿನಲ್ಲಿ ಬಹಳಷ್ಟು ಇಲ್ಲ. ಮೀಟರ್ ಗೇಜ್ ಹೋಗಿ ೨೦೦೮ರಲ್ಲಿ ಬ್ರಾಡ್ ಗೇಜ್ ರೈಲು ಬಂತು. ರಸಬಾಳೆಯನ್ನು ಸೊರಗು ರೋಗ ಹಿಂಡಿತು. ೧೮೯೨ರ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವೊಂದು ೨೦೧೨ರಲ್ಲಿ ಕುಸಿದು ಜೀವಗಳನ್ನು ಬಲಿ ತೆಗೆದುಕೊಂಡಿತು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅದೂ ಧನ್ವಂತರಿ ರಸ್ತೆಯ ಕಡೆಯದು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಕಲ್ಲು ಗಾರೆಯ ವಿಷಯದಲ್ಲಿ ಮಾತಾಡಲು ನಾನು ತಜ್ಞನಲ್ಲ. ಆದರೆ ಮಾರುಕಟ್ಟೆಯೆಂದರೆ ಗೋಡೆಯಷ್ಟೇ ಅಲ್ಲ, ಅಲ್ಲಿಗೆ ಬರುವ ದಾರಿಗಳೂ ಹೌದು. ಗೋಡೆಯನ್ನು ಮತ್ತೆ ಎಬ್ಬಿಸಬಹುದು. ಬೆಳಗಿನ ರೈಲಿನಲ್ಲಿ ಬುಟ್ಟಿ ಹೊತ್ತು ಬರುವವರಿಗೆ ಕೂರಲು ಜಾಗವಿಲ್ಲದಿದ್ದರೆ ಆ ದಾರಿ ಮುಚ್ಚಿಹೋಗುತ್ತದೆ.

ಪತ್ರ ಬರೆದವರಿಗೆ ನನ್ನ ಸಲಹೆ ಇಷ್ಟೆ. ಕಾರು ಊರಿನಲ್ಲೇ ಇರಲಿ. ನಂಜನಗೂಡಿನಲ್ಲಿ ರೈಲು ಹತ್ತಿ, ಹಳೆಯ ಸೇತುವೆಯನ್ನು ಮಕ್ಕಳಿಗೆ ತೋರಿಸಿ. ಅರಮನೆ ನೋಡಿ. ಆಮೇಲೆ ನಿಮ್ಮ ತಂದೆಯವರು ಮೈಸೂರಿನಲ್ಲಿ ಯಾವ ಅಂಗಡಿಗೆ, ಯಾವ ಬೀದಿಗೆ ಹೋಗುತ್ತಿದ್ದರೋ ಅಲ್ಲಿಗೆ ಮಕ್ಕಳನ್ನು ನಡೆಸಿಕೊಂಡು ಹೋಗಿ. ದಾರಿ ತಪ್ಪಿದರೆ ಎಲೆ ಮಾರುವವರನ್ನು ಕೇಳಿ.

ಇನ್ನು ಆ ಹುಡುಗ. ಏಳನೆಯ ತರಗತಿ ಮುಗಿಸಿ ಹೋದವನು ಮತ್ತೆ ನನಗೆ ಸಿಗಲಿಲ್ಲ. ಈಗ ಅವನಿಗೆ ಐವತ್ತು ದಾಟಿರಬೇಕು. ಯಾರಾದರೂ ಅವನನ್ನು ಬಲ್ಲವರು ಇದನ್ನು ಓದಿ ಹೇಳಿ. ಅಂದು ಅವರ ಮನೆಯ ಜಗಲಿಯಲ್ಲಿ ಬಾಯಿಗೆ ಬರದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ: ತಪ್ಪಾಯಿತು, ಮಗು. ಅಂದು ದಾರಿ ತಪ್ಪಿದ್ದವನು ನೀನಲ್ಲ.