ಕಾವಲು, ಕಾವಲಿ, ಕಾಯುವಿಕೆ

ಅಧ್ಯಾಪನದಿಂದ ನಿವೃತ್ತನಾದ ಮೇಲೆ ಸುಳ್ಯದ ಮನೆಯಲ್ಲಿ ಕುಳಿತು ಸ್ಪ್ಯಾನಿಷ್ ಭಾಷೆಯನ್ನು ಅಷ್ಟಿಷ್ಟು ಕಲಿಯತೊಡಗಿದೆ. ಈ ವಯಸ್ಸಿನಲ್ಲಿ ಅದೇಕೆಂದು ಕೇಳಿದವರುಂಟು. ಬಾಳೆಲ್ಲ ಕನ್ನಡ ಕಲಿಸಿದವನಿಗೆ ಮತ್ತೊಮ್ಮೆ ವಿದ್ಯಾರ್ಥಿಯಾಗುವ ಆಸೆ ಎಂದಷ್ಟೇ ಹೇಳಬಲ್ಲೆ. ಆ ಕಲಿಕೆಯಲ್ಲಿ ‘ಎಸ್ಪೆರಾರ್’ ಎಂಬ ಕ್ರಿಯಾಪದವೊಂದು ನನ್ನನ್ನು ತಡೆದು ನಿಲ್ಲಿಸಿತು. ‘ಬಸ್ಸಿಗಾಗಿ ಕಾಯುತ್ತೇನೆ’ ಎನ್ನುವುದಕ್ಕೂ ‘ಅವನು ಬರಲೆಂದು ಆಶಿಸುತ್ತೇನೆ’ ಎನ್ನುವುದಕ್ಕೂ ಅಲ್ಲಿ ‘ಎಸ್ಪೆರೊ’ ಎಂಬ ಒಂದೇ ಮಾತು. ಅರ್ಥ ಯಾವುದೆಂಬುದನ್ನು ವಾಕ್ಯದ ಉಳಿದ ಭಾಗ ಹೇಳಬೇಕು. ಇದರ ಮೂಲವಾದ ಲ್ಯಾಟಿನ್ನಿನ ‘ಸ್ಪೆರಾರೆ’ಗೆ ಆಶಿಸು ಎಂದೇ ಅರ್ಥ. ಆಸೆಯ ಮಾತು ಕಾಯುವಿಕೆಗೂ ಹಬ್ಬಿಕೊಂಡಿತು.

ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಪೋರ್ಚುಗೀಸರ ನುಡಿಯಲ್ಲಿಯೂ ಈ ಪದಕ್ಕೆ ಇವೇ ಎರಡು ಅರ್ಥಗಳಿವೆ. ಅವರಿಂದ ನಾವು ಚಾವಿಯನ್ನು ಪಡೆದೆವು, ಪಾದ್ರಿ ಎಂಬ ಪದವನ್ನೂ ಪಡೆದೆವು. ಈ ಕ್ರಿಯಾಪದ ಮಾತ್ರ ನಮ್ಮಲ್ಲಿ ನೆಲೆಯೂರಲಿಲ್ಲ. ವಸ್ತುವಿನೊಡನೆ ಹೆಸರು ಬರುವುದು ಸುಲಭ. ಕಾಯುವುದಕ್ಕೆ ನಮ್ಮದೇ ಮಾತಿತ್ತು.

ಆ ಮಾತು ಹುಟ್ಟಿದ್ದು ಆಸೆಯಿಂದಲ್ಲ, ಕಾವಲಿನಿಂದ. ತೋಟ ಕಾಯುವವನೂ ಬಸ್ಸು ಕಾಯುವವನೂ ಕನ್ನಡದಲ್ಲಿ ಒಂದೇ ಕೆಲಸ ಮಾಡುತ್ತಾರೆ: ಇಬ್ಬರೂ ಕಣ್ಣು ತೆರೆದು ಕುಳಿತಿರುತ್ತಾರೆ. ಇಂಗ್ಲಿಷಿನ ‘ವೇಯ್ಟ್’ ಎಂಬುದೂ ಕಾವಲಿರು ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದುದು. ಜರ್ಮನ್ನಿನ ‘ವಾರ್ಟೆನ್’ಗೆ ಕಾದಿರು ಎಂಬ ಅರ್ಥವೂ ಆರೈಕೆ ಮಾಡು ಎಂಬ ಅರ್ಥವೂ ಉಂಟು. 1853ರಲ್ಲಿ ಭಾರತಕ್ಕೆ ಬಂದು, 1894ರಲ್ಲಿ ಮಂಗಳೂರಿನಿಂದ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟ್ಟೆಲ್ ಅವರ ನಾಡಿನ ಭಾಷೆ ಅದು. ಅಂದಮೇಲೆ ನಮ್ಮ ಕಾಯುವಿಕೆಯ ಈ ಎರಡು ಮುಖಗಳು ಅವರಂಥ ಕಲಿಯುವವರಿಗೆ ತೀರ ಹೊಸತಾಗಿರಲಾರವು.

ಆದರೆ ಕನ್ನಡದ ‘ಕಾಯು’ ಇಷ್ಟಕ್ಕೇ ಮುಗಿಯುವುದಿಲ್ಲ. ನೀರೂ ಕಾಯುತ್ತದೆ, ಎಣ್ಣೆಯೂ ಕಾಯುತ್ತದೆ. ‘ಹಾಲನ್ನು ಕಾಯಿಸಿದರು’, ‘ನನ್ನನ್ನು ಕಾಯಿಸಿದರು’—ಎರಡೂ ಶುದ್ಧ ಕನ್ನಡವೇ. ಭೂತಕಾಲದಲ್ಲಿಯೂ ಭೇದವಿಲ್ಲ: ಕಾದವನು ಮನುಷ್ಯ, ಕಾದದ್ದು ಕಬ್ಬಿಣ. ಕಾವಲು ಒಂದು ಕಡೆ, ದೋಸೆಯ ಕಾವಲಿ ಇನ್ನೊಂದು ಕಡೆ. ಹೇಂಟೆ ಮೊಟ್ಟೆಗಳ ಮೇಲೆ ಕುಳಿತು ಕಾವು ಕೊಡುತ್ತದೆ, ಅವನ್ನು ಕಾಯುತ್ತಲೂ ಇರುತ್ತದೆ. ಆದ್ದರಿಂದ ಎರಡರ ಮೂಲವೂ ಒಂದೇ ಎಂದು ಕಲ್ಪಿಸಿಕೊಳ್ಳುವುದು ಬಹಳ ಸುಲಭ.

ಆ ಕಲ್ಪನೆ ಸರಿಯಲ್ಲವೆಂದು ಕನ್ನಡವೊಂದನ್ನೇ ನೋಡುತ್ತಿದ್ದರೆ ತಿಳಿಯುವುದು ಕಷ್ಟ. ಪಕ್ಕದ ಮನೆಯ ಭಾಷೆಯನ್ನು ಕೇಳಬೇಕು. ತುಳುವಿನಲ್ಲಿ ಕಾದಿರುವುದು ‘ಕಾಪುನಿ’, ಬಿಸಿಯಾಗುವುದು ‘ಕಾಯುನಿ’. ಮಲೆಯಾಳದಲ್ಲಿ ಕಾಪಾಡುವುದು ‘ಕಾಕ್ಕುಕ’, ಬಿಸಿಯಾಗುವುದು ‘ಕಾಯುಕ’. ಹಳಗನ್ನಡದಲ್ಲಿಯೂ ರಕ್ಷಿಸು ಎಂಬರ್ಥಕ್ಕೆ ‘ಕಾ’ ಎಂಬ ರೂಪವುಂಟು. ಬರೋ ಮತ್ತು ಎಮೆನೋ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಪದಮೂಲ ಕೋಶದಲ್ಲಿ ಈ ಎರಡನ್ನೂ ಬೇರೆ ಬೇರೆ ಧಾತುಗಳೆಂದೇ ಎಣಿಸಿದ್ದಾರೆ. ‘ಎಸ್ಪೆರಾರ್’ ಎಂಬುದು ಒಂದೇ ಬೇರಿನಿಂದ ಒಡೆದ ಎರಡು ಕವಲು. ನಮ್ಮ ‘ಕಾಯು’ ಎರಡು ತೊರೆಗಳು ಬಂದು ಕೂಡಿದ ಹೊಳೆ. ಹೊರಗಿನಿಂದ ನೋಡುವ ಕಲಿಕೆಯವನಿಗೆ ಎರಡೂ ‘ಅನೇಕಾರ್ಥವುಳ್ಳ ಕ್ರಿಯಾಪದ’ಗಳೇ. ಆದರೆ ಅವುಗಳ ಚರಿತ್ರೆ ಒಂದಕ್ಕೊಂದು ವಿರುದ್ಧವಾದುದು.

ನಮ್ಮ ಸುಳ್ಯದ ಪೇಟೆಯಲ್ಲಿ ತುಳು, ಅರೆಭಾಷೆ, ಹವ್ಯಕರ ನುಡಿ, ಮಲೆಯಾಳ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಮನೆಮಾತನ್ನು ಆಡಿದರೆ ಮಕ್ಕಳ ಕನ್ನಡ ಕೆಡುತ್ತದೆ, ಇಂಗ್ಲಿಷ್ ಕುಂಟುತ್ತದೆ ಎಂದು ಅದನ್ನು ಬಿಡಿಸುವ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಅವರ ಆತಂಕವನ್ನು ಹಗುರವಾಗಿ ಕಾಣಲಾರೆ. ಮಕ್ಕಳ ಉದ್ಯೋಗದ ಚಿಂತೆ ಅದರ ಹಿಂದಿದೆ. ಆದರೂ ಒಂದು ಮಾತನ್ನು ಅವರ ಮುಂದಿಡಬೇಕು. ಕನ್ನಡದ ಅತ್ಯಂತ ಸಾಮಾನ್ಯವಾದ ಕ್ರಿಯಾಪದವೊಂದರ ಒಳಗುಟ್ಟನ್ನು ನಮಗೆ ಬಿಡಿಸಿ ಹೇಳುವವು ಅದರ ಅಕ್ಕಪಕ್ಕದ ಭಾಷೆಗಳೇ. ಕಾವಲಿಗೂ ಕಾವಿಗೂ ಬೇರೆ ಬೇರೆ ಮಾತುಗಳಿವೆ ಎಂಬುದನ್ನು ವಿದ್ವಾಂಸರು ಕೋಶಗಳನ್ನು ಹೋಲಿಸಿ ಸ್ಥಾಪಿಸಿದರು. ತುಳು ಆಡುವ ಮನೆಯ ಮಗು ಅದನ್ನು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಲ್ಲುದು.