ಬೂಲಿಯನ್ ಜಾಲಗಳ ದೃಢನಿಯಂತ್ರಣ

ಸೊನ್ನೆ, ಒಂದು ಎಂಬ ಎರಡೇ ಬೆಲೆಗಳನ್ನು ತಳೆಯತಕ್ಕ ಘಟಕಗಳು ತಾರ್ಕಿಕ ನಿಯಮಗಳಿಂದ ಪರಸ್ಪರ ಬದ್ಧವಾಗಿ ಹೆಜ್ಜೆಹೆಜ್ಜೆಗೂ ಸ್ಥಿತಿಯನ್ನು ಬದಲಿಸುವ ವ್ಯವಸ್ಥೆಗೆ ಬೂಲಿಯನ್ ಜಾಲವೆಂದು ಹೆಸರು. ಹೊರಗಿನ ಕ್ಷೋಭೆಗಳಲ್ಲಿ ಯಾವುದೇ ಬಂದೊದಗಿದರೂ ಅಂಥ ಜಾಲವನ್ನು ಇಷ್ಟವಾದ ಸ್ಥಿತಿಗಳಿಗೆ ಮುಟ್ಟಿಸುವ, ಅಲ್ಲಿಯೇ ನೆಲೆನಿಲ್ಲಿಸುವ ಗಣಿತವಿಧಾನವೇ ದೃಢನಿಯಂತ್ರಣ.

ಜಾರ್ಜ್ ಬೂಲನು 1854ರ ತನ್ನ ಗ್ರಂಥದಲ್ಲಿ ವಿಸ್ತರಿಸಿದ ತರ್ಕಬೀಜಗಣಿತವನ್ನು ಕ್ಲಾಡ್ ಶ್ಯಾನನ್ 1938ರಲ್ಲಿ ವಿದ್ಯುತ್ ರಿಲೇಗಳ ಮಂಡಲಗಳಿಗೆ ಅನ್ವಯಿಸಿದನು. ಸ್ಟುವರ್ಟ್ ಕೌಫ್‌ಮನ್ 1969ರಲ್ಲಿ ಜೀವಕೋಶದ ಜೀನುಗಳ ಅನ್ಯೋನ್ಯ ಪ್ರಭಾವವನ್ನು ಇಂಥ ಜಾಲವಾಗಿ ನಿರೂಪಿಸಿದನು. ಚೀನದ ಚೆಂಗ್ ಡೈಜಾನ್ ಮತ್ತು ಸಹಚರರು ಈ ಶತಮಾನದಲ್ಲಿ ತಾರ್ಕಿಕ ನಿಯಮಗಳನ್ನು ಮಾತೃಕೆಗಳ ಗುಣಾಕಾರವಾಗಿ ಮಾರ್ಪಡಿಸಿ, ನಿಯಂತ್ರಣಶಾಸ್ತ್ರದ ಉಪಕರಣಗಳಿಗೆ ಇಲ್ಲಿ ಎಡೆಮಾಡಿಕೊಟ್ಟರು.

ವಿಧಾನವು ಹೀಗಿದೆ. ಇಷ್ಟಸ್ಥಿತಿಗಳ ಗಣವನ್ನು ತೆಗೆದುಕೊಂಡು, ಅದರಲ್ಲಿ ಯಾವ ಸ್ಥಿತಿಯಿಂದ ಯಾವ ನಿಯಂತ್ರಣವನ್ನು ಆಯ್ದರೂ ಒಂದಲ್ಲ ಒಂದು ಕ್ಷೋಭೆಯು ಗಣದಿಂದಾಚೆಗೆ ತಳ್ಳಬಲ್ಲುದೋ ಅದನ್ನು ಕಳೆಯಬೇಕು. ಉಳಿದುದನ್ನು ಮತ್ತೆ ಅದೇ ಪರೀಕ್ಷೆಗೆ ಒಡ್ಡಬೇಕು. ಸ್ಥಿತಿಗಳು ಪರಿಮಿತವಾದುದರಿಂದ ಈ ಕಳೆಯುವಿಕೆ ಒಂದೆಡೆ ನಿಂತೇ ತೀರುವುದು. ಕೊನೆಗುಳಿದುದೇ ದೃಢ ಸ್ಥಿರಗಣ; ಏನೂ ಉಳಿಯದಿದ್ದರೆ ಅಂಥ ನಿಯಂತ್ರಣವು ಅಸಾಧ್ಯವೆಂದೇ ಸಿದ್ಧವಾಗುವುದು. ಆದರೆ ಇಪ್ಪತ್ತು ಘಟಕಗಳಿಗೇ ಸ್ಥಿತಿಗಳು 10,48,576 ಆಗುವುವಾದ್ದರಿಂದ ಶ್ರಮವು ಬಲುಬೇಗ ಬೆಳೆಯುತ್ತದೆ. ಸಾಮಾನ್ಯ ಜಾಲದ ನಿಯಂತ್ರಣ ಸಮಸ್ಯೆಯು, ವೇಗವಾದ ಪರಿಹಾರವಿಧಾನ ತಿಳಿದಿಲ್ಲದ ಎನ್‌ಪಿ-ಕಠಿಣ ವರ್ಗದ್ದೆಂದು ತತ್ಸುಯಾ ಅಕುತ್ಸು ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು.

ನಿಲ್ಲಿಸುವುದೂ ಮುಟ್ಟಿಸುವುದೂ ಬೇರೆಬೇರೆಯೆಂಬುದಕ್ಕೆ ರೈಲ್ವೆ ಸಿಗ್ನಲಿನ ರಿಲೇಜಾಲವು ಸ್ಪಷ್ಟವಾದ ನಿದರ್ಶನ. ಮುಂಬಯಿಯ ಉತ್ತರದಂಚಿನಲ್ಲಿ, ಬೋರಿವಲಿ ಮತ್ತು ಮೀರಾ ರೋಡುಗಳ ನಡುವೆ ಇರುವ ದಹಿಸರದ ಮೂಲಕ ಸಾಗುವ ಪಶ್ಚಿಮ ರೈಲ್ವೆಯಂಥ ದಟ್ಟಣೆಯ ಉಪನಗರ ಮಾರ್ಗವನ್ನು ಭಾವಿಸಿಕೊಳ್ಳಬಹುದು. ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಎರಡು ಹಳಿಗಳ ಮೂಲಕ ಹರಿಯುವ ಅಲ್ಪ ವಿದ್ಯುತ್ತು ರಿಲೇಯನ್ನು ಎತ್ತಿಹಿಡಿದಿರುತ್ತದೆ: ಬೆಲೆ ಒಂದು, ಹಳಿ ಖಾಲಿ. ಗಾಡಿ ಬಂದೊಡನೆ ಗಾಲಿ ಮತ್ತು ಅಚ್ಚುಗಳು ಹಳಿಗಳನ್ನು ಬೆಸೆಯುವುದರಿಂದ ರಿಲೇ ಬೀಳುತ್ತದೆ: ಬೆಲೆ ಸೊನ್ನೆ, ಸಿಗ್ನಲ್ ಕೆಂಪು. ಹಳಿ ಮುರಿದರೂ, ವಿದ್ಯುತ್ತು ಕಡಿದರೂ, ಮಳೆನೀರು ಜಲ್ಲಿಯಲ್ಲಿ ನಿಂತು ವಿದ್ಯುತ್ತು ಸೋರಿದರೂ ಬೆಲೆಯು ಒಂದರಿಂದ ಸೊನ್ನೆಗೇ ಇಳಿಯುತ್ತದೆ; ಖಾಲಿಯಲ್ಲದ ಹಳಿಯನ್ನು ಈ ಕ್ಷೋಭೆಗಳಲ್ಲಿ ಯಾವುದೂ ಖಾಲಿಯೆಂದು ತೋರಿಸದು. ಆದುದರಿಂದ ‘ಹಳಿಯಲ್ಲಿ ಗಾಡಿ, ಸಿಗ್ನಲ್ ಹಸುರು’ ಎಂಬ ಸ್ಥಿತಿಯನ್ನು ಹೊರಗಿಡುವುದು ದೃಢವಾಗಿ ಸಾಧ್ಯ. ಹಸುರನ್ನು ಮುಟ್ಟಿಸುವುದು ದೃಢವಾಗಿ ಸಾಧ್ಯವಿಲ್ಲ, ಏಕೆಂದರೆ ನೀರು ಇಳಿಯುವವರೆಗೆ ಯಾವ ನಿಯಂತ್ರಣವೂ ಬೆಲೆಯನ್ನು ಒಂದಕ್ಕೆ ಏರಿಸಲಾರದು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರಂದು ಮುಂಬಯಿಯ ಲೋಕಲ್ ಗಾಡಿಗಳು ನಿಂತುಹೋದವಷ್ಟೆ. ಇಂಥ ಜಾಲವು ಕಾಯುವುದು ಪ್ರಾಣವನ್ನು, ವೇಳಾಪಟ್ಟಿಯನ್ನಲ್ಲ.

ಈ ಆಶ್ವಾಸನೆಯಾದರೂ ಎಣಿಕೆಗೆ ತೆಗೆದುಕೊಂಡ ಕ್ಷೋಭೆಗಳಿಗೆ ಮಾತ್ರ ಸಲ್ಲತಕ್ಕದ್ದು. ಹಳಿಯ ಮೇಲೆ ತುಕ್ಕು ದಟ್ಟವಾಗಿ ಕವಿದರೆ ಗಾಲಿಗಳು ಹಳಿಗಳನ್ನು ಸರಿಯಾಗಿ ಬೆಸೆಯದೆ, ಗಾಡಿಯಿದ್ದರೂ ರಿಲೇ ಬೀಳದಿರುವ ಸಂಭವವುಂಟು. ಪಟ್ಟಿಯಲ್ಲಿಲ್ಲದ ಇಂಥ ಕ್ಷೋಭೆಯೊಂದನ್ನು ಸೇರಿಸಿದೊಡನೆ ಸ್ಥಿರಗಣವನ್ನು ಮೊದಲಿನಿಂದ ಲೆಕ್ಕಹಾಕಬೇಕಾಗುತ್ತದೆ.