ಗರ್ಭಿಣಿಯ ಅಂಡಾಶಯದ ಗೆಡ್ಡೆ: ಶಸ್ತ್ರವೈದ್ಯದ ಇತಿಹಾಸದ ಒಂದು ಸಮಸ್ಯೆ

ಅಂಡಾಶಯದ ಶಸ್ತ್ರಚಿಕಿತ್ಸೆಯ ಇತಿಹಾಸವು ಗರ್ಭವೆಂಬ ಭ್ರಮೆಯೊಂದರಿಂದ ಆರಂಭವಾಗುತ್ತದೆ. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿ ಸಂಸ್ಥಾನದ ವೈದ್ಯನಾದ ಇಫ್ರೇಮ್ ಮೆಕ್‌ಡೊವೆಲ್ಲನಿಗೆ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯನ್ನು ನೋಡಲು ಕರೆ ಬಂದಿತು. ಹೊಟ್ಟೆ ಬೆಳೆದಿದ್ದಿತು, ನೋವು ಪ್ರಸವವೇದನೆಯಂತೆಯೇ ಇದ್ದಿತು, ದಿನ ತುಂಬಿದ ಬಸುರಿಯೆಂದೇ ಭಾವಿಸಲಾಗಿತ್ತು. ಕೈಯಿಂದ ಪರೀಕ್ಷಿಸಿದ ಮೆಕ್‌ಡೊವೆಲ್ಲನು ಗರ್ಭಾಶಯ ಬರಿದಾಗಿದೆಯೆಂದೂ ಗೆಡ್ಡೆಯು ಅಂಡಾಶಯದ್ದೆಂದೂ ನಿರ್ಣಯಿಸಿದನು. ಆಕೆ ಸುಮಾರು 60 ಮೈಲು ಕುದುರೆಯ ಮೇಲೆ ಪಯಣಿಸಿ ಅವನಿದ್ದ ಡ್ಯಾನ್‌ವಿಲ್ ಊರನ್ನು ತಲುಪಿದಳು. ಈಥರಿನ ಅರಿವಳಿಕೆ ಲೋಕಕ್ಕೆ ತಿಳಿದದ್ದು 1846ರಲ್ಲಿ. ಆದುದರಿಂದ 25 ನಿಮಿಷಗಳ ಆ ಶಸ್ತ್ರಕ್ರಿಯೆಯನ್ನು ಆಕೆ ಎಚ್ಚರವಾಗಿದ್ದೇ ಸಹಿಸಬೇಕಾಯಿತು. ಹೊರಬಂದದ್ದು 15 ಪೌಂಡು ಲೋಳೆ, ಏಳೂವರೆ ಪೌಂಡು ತೂಕದ ಚೀಲ. ಐದನೆಯ ದಿನ ಆಕೆ ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದುದನ್ನು ವೈದ್ಯನು ಕಂಡನು. ಆಕೆ 1842ರವರೆಗೆ ಬಾಳಿದಳು. 1817ರಲ್ಲಿ ಪ್ರಕಟವಾದ ಅವನ ವರದಿಯಲ್ಲಿ ಇನ್ನಿಬ್ಬರು ಸ್ತ್ರೀಯರ ವೃತ್ತಾಂತವೂ ಇದೆ. ಅವರು ಕಪ್ಪುಜನರು, ಅವರ ಹೆಸರುಗಳು ಮಾತ್ರ ಅಲ್ಲಿಲ್ಲ.

ಗರ್ಭಾಶಯ ಬರಿದಾಗಿರದೆ ಗೆಡ್ಡೆಯೂ ಶಿಶುವೂ ಜೊತೆಯಲ್ಲಿದ್ದರೆ? ಈ ಪ್ರಶ್ನೆಯ ಚರಿತ್ರೆಯಲ್ಲಿ ಕತ್ತಿಗಿಂತ ಕಣ್ಣಿನ ಪಾತ್ರವೇ ಹಿರಿದೆಂದು ನಾವು ಭಾವಿಸುತ್ತೇವೆ. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡನು ತನ್ನ ಸಂಗಡಿಗರೊಡನೆ 1958ರ ಜೂನಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಶ್ರವಣಾತೀತ ಧ್ವನಿತರಂಗಗಳಿಂದ ಉದರದ ಗೆಡ್ಡೆಗಳನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದನು. ಶಸ್ತ್ರಕ್ಕೂ ನಿಲುಕದ ಜಠರದ ಅರ್ಬುದವೆಂದು ಕೈಬಿಟ್ಟಿದ್ದ ಓರ್ವ ಸ್ತ್ರೀಯಲ್ಲಿ ಅಂಡಾಶಯದ ದ್ರವಕೋಶವನ್ನು ಈ ಯಂತ್ರವು ತೋರಿಸಿತು. ಅದನ್ನು ತೆಗೆಯಲು ಸಾಧ್ಯವಾಯಿತು. ಮೆಕ್‌ಡೊವೆಲ್ಲನು ಬೆರಳಿನಿಂದ ಊಹಿಸಬೇಕಾಗಿದ್ದುದು ಈಗ ಕಣ್ಣಿಗೆ ಕಂಡಿತು. ಕಂಡದ್ದರಿಂದಲೇ ಕಾಯುವುದೂ ಸಾಧ್ಯವಾಯಿತು: ಬಸುರಿನ ಆರಂಭದಲ್ಲಿ ಕಾಣುವ ಸಣ್ಣ ದ್ರವಕೋಶಗಳಲ್ಲಿ ಬಹುಪಾಲು ತಾವಾಗಿಯೇ ಕರಗಿಹೋಗುತ್ತವೆ.

ಉದರದರ್ಶಕದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1901ರಲ್ಲಿ ಜರ್ಮನಿಯ ಕೆಲ್ಲಿಂಗನು ನಾಯಿಯ ಉದರದೊಳಗೆ ನೋಟವಿಟ್ಟನು. 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸನು ಮನುಷ್ಯರಲ್ಲಿ ಪ್ರಯೋಗಿಸಿದನು. ಕೀಲ್ ನಗರದ ಕುರ್ಟ್ ಸೆಮ್ಮನು ಅದನ್ನು ನೋಡುವ ಸಾಧನದಿಂದ ಶಸ್ತ್ರಕ್ರಿಯೆಯ ಸಾಧನವಾಗಿ ಬೆಳೆಸಿದನು. ಆದರೂ ಗರ್ಭಿಣಿಗೆ ಇದು ಬಹುಕಾಲ ನಿಷಿದ್ಧವಾಗಿಯೇ ಉಳಿಯಿತು. ಸೂಜಿಯು ಗರ್ಭಾಶಯಕ್ಕೆ ತಗಲೀತು, ಉದರದಲ್ಲಿ ತುಂಬುವ ಇಂಗಾಲದ ಡೈಆಕ್ಸೈಡು ಶಿಶುವಿನ ರಕ್ತವನ್ನು ಆಮ್ಲೀಯಗೊಳಿಸೀತು ಎಂಬ ಭಯ ನಿರಾಧಾರವಾದುದೇನಲ್ಲ. 1990ರ ದಶಕದಲ್ಲಷ್ಟೇ ಈ ನಿಷೇಧ ಕ್ರಮವಾಗಿ ಸಡಿಲಿತು.

ತುರ್ತಿಲ್ಲದಿದ್ದರೆ ನಾಲ್ಕನೆಯ ತಿಂಗಳಿನ ಬಳಿಕ, ಆರನೆಯದು ಮುಗಿಯುವ ಮೊದಲು ಶಸ್ತ್ರಕ್ರಿಯೆ ನಡೆಸುವುದು ರೂಢಿ. ಆ ವೇಳೆಗೆ ಗರ್ಭವನ್ನು ಪೋಷಿಸುವ ರಸಗಳ ಹೊಣೆ ಅಂಡಾಶಯದಿಂದ ಮಾಸಿಗೆ ದಾಟಿರುತ್ತದೆ. ಗರ್ಭಾಶಯವೂ ದಾರಿಗಡ್ಡವಾಗುವಷ್ಟು ಬೆಳೆದಿರುವುದಿಲ್ಲ. ಮಹಾಸಿರೆಯ ಮೇಲೆ ಭಾರ ಬೀಳದಂತೆ ಆಕೆಯನ್ನು ಎಡಕ್ಕೆ ಓರೆಯಾಗಿ ಮಲಗಿಸುತ್ತಾರೆ. ಗೆಡ್ಡೆ ತಿರುಚಿಕೊಂಡು ರಕ್ತಸಂಚಾರ ನಿಂತರೆ ಮಾತ್ರ ತಿಂಗಳೆಣಿಸಲು ಅವಕಾಶವಿಲ್ಲ. ಹೀಗೆ ಪದ್ಧತಿ ಬೆಳೆದುದೆಲ್ಲ ಒಂದೊಂದು ಪ್ರಸಂಗದ ಅನುಭವದಿಂದ. ಉದರ ತೆರೆಯುವ ಹಳೆಯ ಮಾರ್ಗವನ್ನೂ ಈ ಹೊಸದನ್ನೂ ಗರ್ಭಿಣಿಯರಲ್ಲಿ ಚೀಟಿಯೆತ್ತಿದಂತೆ ಹಂಚಿ ತೂಗಿನೋಡಿದ ಪ್ರಯೋಗಗಳನ್ನು 2013ರ ಕಾಕ್ರೇನ್ ಪರಾಮರ್ಶೆಯು ಹುಡುಕಿತು, ಒಂದೂ ದೊರೆಯಲಿಲ್ಲ.